ತಂಬುಳಿ: ಹಸಿರು ಮಜ್ಜಿಗೆಗೆ ಆ ಹೆಸರು ಸಲ್ಲದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ಅನ್ನದ ಮೇಲೆ ಮೊದಲು ಬೀಳುವುದು ಬಹುಪಾಲು ತಂಬುಳಿಯೇ. ಸಾರು, ಹುಳಿಗಳ ಸರದಿ ಆಮೇಲಿನದು. ಖಾರದ್ದು ನಾಲಿಗೆ ಮುಟ್ಟುವ ಮೊದಲು ತಣ್ಣಗಿನ, ಸೌಮ್ಯವಾದ ಒಂದು ಪದಾರ್ಥ ಹೊಟ್ಟೆಗೆ ಹೋಗಲಿ ಎಂಬ ಲೆಕ್ಕ ಇದರ ಹಿಂದಿದೆ. ಪೇಟೆಗೆ ಹೋಗಿ ಸಾಮಾನು ತಂದು ಮಾಡುವ ಅಡುಗೆ ಇದಲ್ಲ. ಹಿತ್ತಿಲಲ್ಲಿ ಒಂದು ಹಿಡಿ ಸೊಪ್ಪು, ಮನೆಯಲ್ಲಿ ಕಡೆದ ಮಜ್ಜಿಗೆ, ತೋಟದ ಕಾಳುಮೆಣಸು ಇದ್ದರೆ ಬಂತು. ಒಲೆಯ ಮೇಲೆ ಅನ್ನ ಬೇಯುವಷ್ಟರಲ್ಲಿ ತಂಬುಳಿಯೂ ಮುಗಿದಿರುತ್ತದೆ.

ಈಚೆಗೆ ತಂಬುಳಿಗೆ ಹೆಸರು ಬಂದಿದೆ. ಹೋಂಸ್ಟೇಯ ಊಟದ ಪಟ್ಟಿಯಲ್ಲಿ ಅದು ಮೊದಲಿಗಿದೆ, ಬೆಂಗಳೂರಿನ ಹೋಟೆಲುಗಳು ಪುಟ್ಟ ಲೋಟದಲ್ಲಿ ಕೊಡುತ್ತವೆ, ಅಡುಗೆ ವಿಡಿಯೋಗಳಲ್ಲಿ ಎರಡು ನಿಮಿಷದಲ್ಲಿ ಮಾಡಿ ತೋರಿಸುತ್ತಾರೆ. ಹೆಸರಿನ ಬೆನ್ನಿಗೇ ತಪ್ಪು ತಿಳಿವಳಿಕೆಗಳೂ ಬಂದಿವೆ. ಕೆಲವು ರುಚಿಯನ್ನಷ್ಟೇ ಕೆಡಿಸುತ್ತವೆ. ಒಂದೆರಡು ಆರೋಗ್ಯವನ್ನೇ ಕೆಡಿಸಬಲ್ಲವು. ಮನೆಯಲ್ಲಿ ಮಾಡಿ ನೋಡಲು ಹೊರಟವರಿಗಾಗಿ ಅವನ್ನು ಇಲ್ಲಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ: ಸೊಪ್ಪು, ಕಾಯಿ, ಮಜ್ಜಿಗೆ ಎಲ್ಲವನ್ನೂ ಮಿಕ್ಸಿಗೆ ಹಾಕಿ ಒಮ್ಮೆ ತಿರುಗಿಸಿದರೆ ತಂಬುಳಿ ಸಿದ್ಧ.

ವಾಸ್ತವ: ಹಾಗೆ ಮಾಡಿದರೆ ಸಿಗುವುದು ಹಸಿರು ಮಜ್ಜಿಗೆ. ಕಾಯಿ ತರಿತರಿಯಾಗಿ ಉಳಿಯುತ್ತದೆ, ಮಜ್ಜಿಗೆ ನೊರೆಯೇಳುತ್ತದೆ, ಸೊಪ್ಪಿನ ಹಸಿ ಘಾಟು ಮೂಗಿಗೆ ಹೊಡೆಯುತ್ತದೆ. ತಂಬುಳಿಯ ಕೆಲಸಕ್ಕೆ ನಾಲ್ಕು ಹಂತಗಳಿವೆ: ಬಾಡಿಸುವುದು, ನುಣ್ಣಗೆ ರುಬ್ಬುವುದು, ಮಜ್ಜಿಗೆ ಬೆರೆಸುವುದು, ಒಗ್ಗರಣೆ ಕೊಡುವುದು. ಯಾವುದೂ ಕಷ್ಟದ್ದಲ್ಲ, ಆದರೆ ಯಾವುದನ್ನೂ ಹಾರಿಸುವಂತಿಲ್ಲ.

ನಾಲ್ಕು ಜನರ ಊಟಕ್ಕೆ ದೊಡ್ಡಪತ್ರೆಯ ತಂಬುಳಿ ಮಾಡುತ್ತೀರಿ ಎಂದುಕೊಳ್ಳಿ. ಎಂಟು ಹತ್ತು ದೊಡ್ಡ ಎಲೆ ಸಾಕು. ಒಂದು ಚಮಚ ತುಪ್ಪ ಕಾಯಿಸಿ, ಒಂದು ಚಮಚ ಜೀರಿಗೆ, ಆರೆಂಟು ಕಾಳುಮೆಣಸು ಹಾಕಿ. ಜೀರಿಗೆ ಚಟಪಟ ಎಂದು ಪರಿಮಳ ಬಿಟ್ಟ ಮೇಲೆ ಎಲೆಗಳನ್ನು ಚೂರು ಮಾಡಿ ಹಾಕಿ, ಸಣ್ಣ ಉರಿಯಲ್ಲಿ ಬಾಡಿಸಿ. ದೊಡ್ಡಪತ್ರೆಯ ದಪ್ಪ ಎಲೆಯಲ್ಲಿ ನೀರು ಬಹಳ. ಅದು ಆರಿ, ಎಲೆ ಕಾಲುಭಾಗಕ್ಕೆ ಕುಗ್ಗಿ, ಬಣ್ಣ ಮಾಸುವವರೆಗೂ ಕಾಯಬೇಕು. ಅರ್ಧಕ್ಕೇ ಇಳಿಸಿದರೆ ಔಷಧದಂಗಡಿಯ ವಾಸನೆ ಉಳಿದುಬಿಡುತ್ತದೆ. ಆರಿದ ಮೇಲೆ ಅರ್ಧ ಬಟ್ಟಲು ಹಸಿ ಕಾಯಿತುರಿ ಸೇರಿಸಿ, ರುಬ್ಬಲು ಬೇಕಾದಷ್ಟೇ ನೀರು ಹಾಕಿ ಗಂಧದಂತೆ ನುಣ್ಣಗೆ ರುಬ್ಬಿ. ನೀರು ಹೆಚ್ಚಾದರೆ ಕಾಯಿ ನುಣ್ಣಗಾಗುವುದಿಲ್ಲ. ಮಜ್ಜಿಗೆಯನ್ನು ಮಿಕ್ಸಿಗೇ ಸುರಿಯಬಾರದು ಎನ್ನುವುದಕ್ಕೆ ಇದೇ ಕಾರಣ. ರುಬ್ಬಿದ್ದನ್ನು ಪಾತ್ರೆಗೆ ತೆಗೆದು ಎರಡು ಲೋಟ ಮಜ್ಜಿಗೆ, ಉಪ್ಪು, ಬೇಕೆನಿಸಿದರೆ ಚಿಟಿಕೆ ಬೆಲ್ಲ ಹಾಕಿ ಕೈಯಿಂದಲೇ ಕದಡಿ. ಕೊನೆಗೆ ತುಪ್ಪದಲ್ಲೋ ಕೊಬ್ಬರಿ ಎಣ್ಣೆಯಲ್ಲೋ ಸಾಸಿವೆ ಸಿಡಿಸಿ, ಒಂದು ತುಂಡು ಒಣಮೆಣಸು ಹಾಕಿದ ಒಗ್ಗರಣೆ.

ತುಪ್ಪದಲ್ಲಿ ಹುರಿಯುವುದು ಶೋಕಿಗಲ್ಲ. ಜೀರಿಗೆ, ಮೆಣಸುಗಳ ಪರಿಮಳದ ಅಂಶಗಳು ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತವೆ. ಮಜ್ಜಿಗೆಯಿಂದ ಬೆಣ್ಣೆ ಮೊದಲೇ ಹೋಗಿರುತ್ತದೆ. ಹುರಿದ ಆ ಒಂದು ಚಮಚ ತುಪ್ಪವೇ ಪರಿಮಳವನ್ನು ಹಿಡಿದು ಇಡೀ ಪಾತ್ರೆಗೆ ಹಂಚುವುದು.

ಎಲ್ಲ ಸೊಪ್ಪಿಗೂ ಇದೇ ನಿಯಮ ಎನ್ನಲಾಗದು. ಒಂದೆಲಗವನ್ನು ಬಹಳ ಮನೆಗಳಲ್ಲಿ ಬಾಡಿಸದೆ ಹಸಿಯಾಗಿಯೇ, ಬೇರನ್ನೂ ಚೆನ್ನಾಗಿ ತೊಳೆದು ಸೇರಿಸಿ ರುಬ್ಬುತ್ತಾರೆ. ಹಸಿಶುಂಠಿ, ನೆಲ್ಲಿಕಾಯಿಗಳೂ ಹಾಗೆಯೇ. ಪೇರಲೆ ಕುಡಿ, ದಾಳಿಂಬೆ ಸಿಪ್ಪೆ, ದೊಡ್ಡಪತ್ರೆಗಳಿಗೆ ಮಾತ್ರ ಬೆಂಕಿ ತಾಗಲೇಬೇಕು. ಒಗರು ಇದ್ದದ್ದನ್ನು, ಘಾಟು ಇದ್ದದ್ದನ್ನು ಹುರಿ. ಸ್ವತಃ ತಂಪಾಗಿರುವುದನ್ನು ಹಸಿಯಾಗಿ ರುಬ್ಬು ಎಂದು ಇಟ್ಟುಕೊಂಡರೆ ಹೆಚ್ಚು ಸಲ ಸರಿಹೋಗುತ್ತದೆ.

ತಪ್ಪು ಕಲ್ಪನೆ: ತಂಬುಳಿ ಎಂದರೆ ನಮ್ಮ ಕಡೆಯ ಮೊಸರುಬಜ್ಜಿ.

ವಾಸ್ತವ: ಮೊಸರುಬಜ್ಜಿಗೆ ಹತ್ತಿರದ್ದು ಬೇಕಾದರೆ ಅದೇ ಬಾಳೆಲೆಯಲ್ಲಿ ಬೇರೆ ಇದೆ, ಅದರ ಹೆಸರು ಹಶಿ. ತರಕಾರಿ ಹೋಳು, ಕಾಯಿ, ಮೊಸರು ಸೇರಿದ ಗಟ್ಟಿ ಪದಾರ್ಥ ಅದು. ಬಾಳೆಯ ಒಂದು ಮೂಲೆಯಲ್ಲಿ ಕೂರುತ್ತದೆ. ಸಾಸಿವೆಯ ಘಾಟನ್ನೇ ಮುಂದೆ ಮಾಡಿಕೊಂಡ ಸಾಸ್ಮೆ ಇನ್ನೊಂದು. ಮಜ್ಜಿಗೆಯಲ್ಲಿ ತರಕಾರಿ ಬೇಯಿಸಿ ಕಾಯಿ ಬೆರೆಸಿದ್ದು ಪಳದ್ಯ. ತಂಬುಳಿಯಲ್ಲಿ ಹೋಳೇ ಇರುವುದಿಲ್ಲ. ಅದು ತೆಳ್ಳಗೆ ಹರಿಯಬೇಕು, ಅನ್ನಕ್ಕೆ ಸೇರಬೇಕು, ಊಟ ಮುಗಿದ ಮೇಲೆ ಇನ್ನೊಂದು ಸೌಟು ಬಗ್ಗಿಸಿಕೊಂಡು ಕುಡಿಯುವಂತಿರಬೇಕು.

ತಪ್ಪು ಕಲ್ಪನೆ: ಮಳೆಗಾಲದಲ್ಲಿ ತಣ್ಣಗಿನದು ಆಗದು, ಚೆನ್ನಾಗಿ ಕುದಿಸಿಬಿಟ್ಟರೆ ಆಯಿತು.

ವಾಸ್ತವ: ಅಡುಗೆ ಕಲಿಯುವ ಹುಡುಗಿಗೆ ಆಯಿಯೋ ಅತ್ತೆಯೋ ಒಮ್ಮೆಯಾದರೂ ಹೇಳಿರುವ ಮಾತಿದು: “ತಂಬ್ಳಿ ಕುದಸಡ ಕೂಸೆ, ಒಡದು ಹೋಗ್ತು.” ಹುಳಿ ಮಜ್ಜಿಗೆಯನ್ನು ಹಾಗೆಯೇ ಕುದಿಸಿದರೆ ಅದರ ಪ್ರೋಟೀನು ಗಂಟುಕಟ್ಟಿ ಒಂದು ಕಡೆ, ನೀರು ಒಂದು ಕಡೆ ಆಗುತ್ತದೆ. ಮಜ್ಜಿಗೆಹುಳಿ ಕುದಿದರೂ ಒಡೆಯುವುದಿಲ್ಲವಲ್ಲ ಎಂದು ಕೇಳಬಹುದು. ಅದಕ್ಕೆ ನೆನೆಸಿದ ಕಡಲೆಬೇಳೆಯನ್ನೋ ಅಕ್ಕಿಯನ್ನೋ ರುಬ್ಬಿ ಹಾಕಿರುತ್ತಾರೆ. ಆ ಪಿಷ್ಟ ಮಜ್ಜಿಗೆಯನ್ನು ಒಡೆಯದಂತೆ ಹಿಡಿದಿಡುತ್ತದೆ. ತಂಬುಳಿಯಲ್ಲಿ ಅಂಥ ಆಸರೆ ಇಲ್ಲ. ಇರಲಿ ಎಂದು ಅಕ್ಕಿಹಿಟ್ಟು ಬೆರೆಸಿದರೆ ಅದು ತಂಬುಳಿಯಾಗಿ ಉಳಿಯುವುದಿಲ್ಲ.

ಹಾಗೆಂದು ಬೆಚ್ಚಗಿನ ತಂಬುಳಿ ಇಲ್ಲವೇ ಇಲ್ಲ ಎಂದೂ ಅಲ್ಲ. ಆಷಾಢದ ಜಡಿಮಳೆಯಲ್ಲಿ ಶುಂಠಿ, ಮೆಂತೆ, ಜೀರಿಗೆಯ ತಂಬುಳಿಗಳನ್ನು ಕೆಲವು ಮನೆಗಳಲ್ಲಿ ಒಲೆಯ ಮೇಲಿಟ್ಟು ಕೈಯಾಡಿಸುತ್ತ ಉಗುರುಬೆಚ್ಚಗೆ ಮಾಡುತ್ತಾರೆ. ಪಾತ್ರೆಯ ಅಂಚಿನಲ್ಲಿ ಮೊದಲ ನೊರೆ ಕಾಣುವ ಮೊದಲೇ ಇಳಿಸಬೇಕು. ಇನ್ನೂ ಸುಲಭದ ಉಪಾಯ, ಬಿಸಿ ಅನ್ನ.

ಬೆಂಕಿ ಆರಿಸಿದ ಮೇಲೆ ಸೇರಿಸಬೇಕಾದದ್ದನ್ನು ಮೊದಲೇ ಸೇರಿಸಿ ಕೆಡಿಸುವ ತಪ್ಪು ನಮ್ಮ ಊರಿಗಷ್ಟೇ ಸೇರಿದ್ದಲ್ಲ. ಅಮೆರಿಕದ ಲೂಸಿಯಾನಾದಲ್ಲಿ ಗಂಬೋ ಎಂಬ ಮನೆಯಡುಗೆ ಇದೆ. ಮಾಂಸ ಅಥವಾ ಸಿಗಡಿಯ ದಪ್ಪ ಸಾರು, ಅನ್ನಕ್ಕೆ ಹಾಕಿಕೊಳ್ಳುವುದು. ಅದನ್ನು ಮಂದ ಮಾಡಲು ಬೆಂಡೆಕಾಯಿ ಹಾಕುವವರಿದ್ದಾರೆ, ಜಿಡ್ಡಿನಲ್ಲಿ ಕಂದು ಬಣ್ಣಕ್ಕೆ ಹುರಿದ ಹಿಟ್ಟು ಹಾಕುವವರಿದ್ದಾರೆ, ಸಾಸಾಫ್ರಾಸ್ ಎಂಬ ಮರದ ಒಣಎಲೆಯ ಪುಡಿ ಹಾಕುವವರಿದ್ದಾರೆ. ಆ ಎಲೆಪುಡಿಯನ್ನು ಅಲ್ಲಿನವರು ಕಲಿತದ್ದು ಮೂಲನಿವಾಸಿ ಚಾಕ್ಟಾ ಜನರಿಂದ. ಅದನ್ನು ಪಾತ್ರೆ ಇಳಿಸಿದ ಮೇಲೆಯೇ ಬೆರೆಸಬೇಕು. ಕುದಿಸಿದರೆ ನೂಲುನೂಲಾಗಿ ಎಳೆಯುತ್ತದೆ. ಅಲ್ಲಿನ ಅಜ್ಜಿಯರೂ ಮೊಮ್ಮಕ್ಕಳಿಗೆ ‘ಕುದಿಸಬೇಡ’ ಎಂದು ಹೇಳುತ್ತಲೇ ಇರಬೇಕು. ಗಂಬೋಗೆ ಟೊಮೆಟೊ ಹಾಕಬಹುದೇ ಕೂಡದೇ ಎಂದು ಅಲ್ಲಿ ಜಗಳವಿದ್ದಂತೆ, ಒಂದೆಲಗಕ್ಕೆ ಬೆಲ್ಲ ಸಲ್ಲುತ್ತದೆಯೇ ಇಲ್ಲವೇ ಎಂದು ಇಲ್ಲಿ ಇದೆ.

ತಪ್ಪು ಕಲ್ಪನೆ: ಕಾಯಿ ಹೆಚ್ಚು ಹಾಕಿದಷ್ಟೂ, ಗಟ್ಟಿಯಾದಷ್ಟೂ ತಂಬುಳಿಗೆ ರುಚಿ.

ವಾಸ್ತವ: ಹೋಟೆಲಿನವರು ಈ ನಂಬಿಕೆಯನ್ನು ಹಬ್ಬಿಸಿರಬೇಕು. ಘಟ್ಟದ ಮೇಲೆ ಕರಾವಳಿಯಷ್ಟು ಧಾರಾಳವಾಗಿ ತೆಂಗಿಲ್ಲ. ತೋಟ ಎಂದರೆ ಇಲ್ಲಿ ಅಡಿಕೆಯದು. ಅರ್ಧ ಕಡಿ ಕಾಯಿಯಲ್ಲಿ ಮನೆಮಂದಿಗೆಲ್ಲ ಮೇಲೋಗರ ಆಗಬೇಕಿತ್ತು. ಆ ಮಿತಿಯಲ್ಲೇ ತಂಬುಳಿಯ ಹದ ಹುಟ್ಟಿದೆ. ಕಾಯಿ ಹೆಚ್ಚಾದರೆ ಸೊಪ್ಪಿನ ಗುಣ ಮುಚ್ಚಿಹೋಗಿ, ಯಾವ ತಂಬುಳಿ ಉಂಡರೂ ನೀರು ಮಾಡಿದ ಚಟ್ನಿಯ ರುಚಿಯೇ ಬರುತ್ತದೆ. ಕಾಯಿ ಹಾಕದೆಯೇ ಜೀರಿಗೆ, ಮೆಣಸು ಹುರಿದು ಪುಡಿ ಮಾಡಿ ಮಜ್ಜಿಗೆಗೆ ಕದಡುವ ಬಡ ತಂಬುಳಿಯೂ ಉಂಟು. ಜ್ವರ ಬಿಟ್ಟು ನಾಲಿಗೆ ಕೆಟ್ಟಾಗ ಅದಕ್ಕೆ ಸಮನಾದದ್ದಿಲ್ಲ.

ಮಜ್ಜಿಗೆ ಇಲ್ಲದಿದ್ದರೆ ತಂಬುಳಿಯೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಮುರುಗಲು ಸಿಪ್ಪೆಯ ತಂಬುಳಿಯಲ್ಲಿ ಹುಳಿ ಸಿಪ್ಪೆಯಿಂದಲೇ ಬರುತ್ತದೆ. ಅದಕ್ಕೆ ರುಬ್ಬಿದ ಕಾಯಿ ಸಾಕು.

ತಪ್ಪು ಕಲ್ಪನೆ: ಪ್ಯಾಕೆಟ್ ಮೊಸರಿಗೆ ನೀರು ಸೇರಿಸಿದರೂ ಅದೇ.

ವಾಸ್ತವ: ಅದೇ ಅಲ್ಲ, ಆದರೆ ನಡೆಯುತ್ತದೆ. ಕಡೆದು ಬೆಣ್ಣೆ ತೆಗೆದ ಮಜ್ಜಿಗೆ ಹಗುರ, ಸ್ವಲ್ಪ ಹುಳಿ. ಮೊಸರಿಗೆ ನೀರು ಹಾಕಿ ಕದಡಿದ್ದರಲ್ಲಿ ಕೆನೆಯ ಜಿಡ್ಡು ಉಳಿದು ಬಾಯಿಗೆ ಅಂಟುತ್ತದೆ. ಪೇಟೆಯಲ್ಲಿದ್ದು ಮಾಡುವವರು ಕೆನೆ ತೆಗೆದ ಹಾಲಿನ ಮೊಸರನ್ನು ಒಂದು ದಿನ ಹೊರಗಿಟ್ಟು ಹುಳಿ ಬರಿಸಿ, ಮೊಸರಿನ ಎರಡರಷ್ಟು ನೀರು ಹಾಕಿ ಕಡೆಗೋಲಿನಿಂದ ಕಡೆದರೆ ಹತ್ತಿರಕ್ಕೆ ಬರುತ್ತದೆ. ಮಸಾಲೆ ಮಜ್ಜಿಗೆಯ ಪ್ಯಾಕೆಟ್ಟನ್ನಂತೂ ಮುಟ್ಟಬೇಡಿ.

ತಪ್ಪು ಕಲ್ಪನೆ: ಖಾರಕ್ಕೆ ಹಸಿಮೆಣಸೇ ಬೇಕು, ಸೂಜಿಮೆಣಸಾದರೆ ಇನ್ನೂ ಸರಿ, ಅದು ನಮ್ಮ ಕಾಡಿನ ಮೂಲ ಮೆಣಸು.

ವಾಸ್ತವ: ಸೂಜಿಮೆಣಸು ಅಥವಾ ಜೀರಿಗೆ ಮೆಣಸು ಇಲ್ಲಿನ ಬೇಲಿಗಳಲ್ಲಿ ತಾನೇ ಹುಟ್ಟುತ್ತದೆ, ಹಕ್ಕಿಗಳು ಬೀಜ ಹಂಚುತ್ತವೆ, ಬಿತ್ತಿ ಬೆಳೆಸುವವರು ಕಡಿಮೆ. ಹೀಗಾಗಿ ಕಾಡಿನದೇ ಎನಿಸುವುದು ಸಹಜ. ಆದರೆ ಮೆಣಸಿನಕಾಯಿಯ ಯಾವ ಜಾತಿಯೂ ಈ ನೆಲದ್ದಲ್ಲ. ಎಲ್ಲವೂ ಅಮೆರಿಕ ಖಂಡದವು, 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಇಳಿದವು. ಅದೇ ಹಡಗುಗಳು ಇಲ್ಲಿಂದ ತುಂಬಿಕೊಂಡು ಹೋಗುತ್ತಿದ್ದದ್ದು ಈ ಘಟ್ಟಗಳ ಕಾಳುಮೆಣಸನ್ನು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದದ್ದು ಆ ವ್ಯಾಪಾರದ ದೆಸೆಯಿಂದ. ಶಿರಸಿ ತಾಲೂಕಿನ ಸೋಂದಾ ಅರಸರ ಸೀಮೆಯೂ ಮೆಣಸಿಗೆ ಹೆಸರಾದದ್ದೇ. ಇಂದಿಗೂ ಅಡಿಕೆ ಮರವನ್ನು ಅಪ್ಪಿಕೊಂಡು ಮೆಣಸಿನ ಬಳ್ಳಿ ಏರುವುದನ್ನು ಇಲ್ಲಿನ ತೋಟತೋಟಗಳಲ್ಲಿ ಕಾಣಬಹುದು.

ತಂಬುಳಿಯ ಖಾರ ಕಾಳುಮೆಣಸಿನದೇ ಆಗಿರುವುದು ಈ ಕಾರಣಕ್ಕೆ ಸಹಜ. ಅದರ ಖಾರ ತಡವಾಗಿ, ಗಂಟಲಲ್ಲಿ, ಮೆಲ್ಲಗೆ ಹತ್ತುತ್ತದೆ. ಹಸಿಮೆಣಸಿನ ಖಾರ ನಾಲಿಗೆಯ ತುದಿಯಲ್ಲೇ ಜಗಳ ತೆಗೆಯುತ್ತದೆ, ಸೊಪ್ಪಿನ ರುಚಿ ತಿಳಿಯುವ ಮೊದಲೇ ಮುಗಿದಿರುತ್ತದೆ. ಹಸಿಮೆಣಸು ಹಾಕಿ ಮಾಡುವ ತಂಬುಳಿಗಳಿವೆ, ಸೂಜಿಮೆಣಸಿನ ಅಭಿಮಾನಿಗಳೂ ಇದ್ದಾರೆ, ಬೇಡ ಎನ್ನುವುದಿಲ್ಲ. ಸಂಪ್ರದಾಯದ ಹೆಸರು ಹೇಳಿಕೊಂಡು ಹಾಕುವುದು ಬೇಡ, ಅಷ್ಟೇ.

ತಪ್ಪು ಕಲ್ಪನೆ: ಒಂದೆಲಗ, ಬ್ರಾಹ್ಮಿ, ನೀರುಬ್ರಾಹ್ಮಿ ಎಲ್ಲ ಒಂದೇ ಗಿಡ.

ವಾಸ್ತವ: ಎರಡು ಗಿಡಗಳು, ದೂರದ ನೆಂಟಸ್ತಿಕೆಯೂ ಇಲ್ಲ. ತಂಬುಳಿಗೆ ಬಳಸುವ ಒಂದೆಲಗ ನೆಲದಲ್ಲಿ ಹಬ್ಬುವ ಬಳ್ಳಿ; ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ, ಮೂತ್ರಪಿಂಡದ ಆಕಾರದ ಎಲೆ, ಅಂಚಿನಲ್ಲಿ ಸಣ್ಣ ಕಚ್ಚುಗಳು, ಒಂದೊಂದು ಎಲೆಗೂ ಉದ್ದನೆಯ ತೊಟ್ಟು. ಕ್ಯಾರೆಟ್, ಕೊತ್ತಂಬರಿಗಳ ಬಳಗಕ್ಕೆ ಹತ್ತಿರದ್ದಾದ್ದರಿಂದ ಹಿಸುಕಿದರೆ ಅಂಥದೇ ಒಂದು ಪರಿಮಳ. ದಕ್ಷಿಣ ಕನ್ನಡದಲ್ಲಿ ತಿಮರೆ ಎನ್ನುವುದು ಇದನ್ನೇ. ನೀರುಬ್ರಾಹ್ಮಿಯದು ಪುಟ್ಟ, ದಪ್ಪ, ನೀರು ತುಂಬಿದ ಎಲೆಗಳು. ಕಾಂಡದ ಎರಡೂ ಬದಿಗೆ ಜೋಡಿಜೋಡಿಯಾಗಿ ಇರುತ್ತವೆ. ರುಚಿ ಕಡು ಕಹಿ. ಅದನ್ನು ಒಂದು ಹಿಡಿ ರುಬ್ಬಿದರೆ ತಂಬುಳಿಯನ್ನು ಚೆಲ್ಲಬೇಕಾಗುತ್ತದೆ. ನರ್ಸರಿಗಳಲ್ಲಿ ‘ಬ್ರಾಹ್ಮಿ’ ಎಂದು ಕೇಳಿದರೆ ಎರಡರಲ್ಲಿ ಯಾವುದನ್ನಾದರೂ ಕೊಡಬಹುದು. ಎಲೆ ನೋಡಿ ತನ್ನಿ.

ತಪ್ಪು ಕಲ್ಪನೆ: ಕಾಡಿನ ಸೊಪ್ಪು ಯಾವುದಾದರೂ ತಂಬುಳಿಗೆ ಆದೀತು. ನಿಸರ್ಗದಿಂದ ಬಂದದ್ದು, ಕೆಡುಕು ಮಾಡದು.

ವಾಸ್ತವ: ಎಲ್ಲಕ್ಕಿಂತ ಅಪಾಯದ ತಿಳಿವಳಿಕೆ ಇದು. ಈ ಸೀಮೆಯ ಹೆಂಗಸರಿಗೆ ಹತ್ತಾರು ಬಗೆಯ ತಂಬುಳಿ ಸೊಪ್ಪುಗಳ ಪರಿಚಯವಿರುವುದು ನಿಜ. ಒಂದೆಲಗ, ದೊಡ್ಡಪತ್ರೆ, ಚಗಟೆಯ ಎಳೆ ಸೊಪ್ಪು, ಹೊನಗೊನೆ, ಕನ್ನೆಕುಡಿ, ಪೇರಲೆ ಕುಡಿ, ಕೊಡಸದ ಹೂ ಹೀಗೆ ಪಟ್ಟಿ ಬೆಳೆಯುತ್ತದೆ. ಆದರೆ ಆ ಪರಿಚಯದ ಒಳಗೆ ಯಾವುದು ಬೇಡ, ಎಷ್ಟು ಬೇಡ, ಯಾವಾಗ ಬೇಡ ಎಂಬುದೂ ಸೇರಿದೆ. ಪಟ್ಟಿಯನ್ನು ಮಾತ್ರ ಬರೆದುಕೊಂಡು ಹೋದವರಿಗೆ ಅದು ಸಿಗುವುದಿಲ್ಲ.

ಕೆಸುವನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಎಲ್ಲೆಂದರಲ್ಲಿ ಇರುತ್ತದೆ, ನೋಡಲು ಮೃದು. ಅದರಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಹಸಿಯಾಗಿ ಬಾಯಿಗೆ ಹೋದರೆ ಗಂಟಲು ಚುಚ್ಚಿ ತುರಿಸುತ್ತದೆ. ಇಲ್ಲಿ ಅದನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸಿ ಕರಕಲಿ ಮಾಡುತ್ತಾರೆ. ತಂಬುಳಿಗೆ ಯಾರೂ ಹಸಿಯಾಗಿ ರುಬ್ಬುವುದಿಲ್ಲ.

ಚಕ್ರಮುನಿಯದು ಇನ್ನೂ ಗಂಭೀರ ಕಥೆ. ‘ವಿಟಮಿನ್ ಸೊಪ್ಪು’ ಎಂದು ಎಲ್ಲರ ಹಿತ್ತಿಲಲ್ಲೂ ನೆಟ್ಟಿರುವ ಗಿಡ ಇದು. ಎಳೆ ಕುಡಿಯನ್ನು ಅಪರೂಪಕ್ಕೆ, ಬೇಯಿಸಿ ತಿನ್ನುವುದು ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾದ ಹಲವೆಡೆ ರೂಢಿ. 1990ರ ದಶಕದ ನಡುವೆ ತೈವಾನಿನಲ್ಲಿ ತೂಕ ಇಳಿಸಲು ಇದರ ಹಸಿ ಎಲೆಯ ರಸವನ್ನು ದಿನವೂ ಕುಡಿಯುವ ಗೀಳು ಹಬ್ಬಿತು. ಇನ್ನೂರಕ್ಕೂ ಹೆಚ್ಚು ಜನರಿಗೆ ಶ್ವಾಸಕೋಶದ ಸಣ್ಣ ನಾಳಗಳು ಕಟ್ಟಿಹೋಗುವ ವಾಸಿಯಾಗದ ಕಾಯಿಲೆ ಬಂತು. ಅದೇ ಎಲೆ, ಅದೇ ಗಿಡ. ಕೆಟ್ಟದ್ದು ಪ್ರಮಾಣ ಮತ್ತು ರೀತಿ. ‘ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ’ ಎಂದು ಯಾವ ಸೊಪ್ಪಿನ ಬಗ್ಗೆ ಯಾರು ಹೇಳಿದರೂ ಈ ಸಂಗತಿ ನೆನಪಾಗಬೇಕು. ವಾರಕ್ಕೊಂದು ಸೊಪ್ಪು ಬದಲಾಯಿಸುತ್ತ, ಹಿಡಿಯಷ್ಟನ್ನು ಮನೆಮಂದಿಗೆಲ್ಲ ಹಂಚುತ್ತ ಬಂದ ಇಲ್ಲಿನ ಅಡುಗೆಯಲ್ಲಿ ಆ ಎಚ್ಚರ ತಾನಾಗಿಯೇ ಇತ್ತು.

ಕೊಡಸ ಎನ್ನುವ ಗಿಡಕ್ಕೆ ಹಾಲೆ ಎಂಬ ತದ್ರೂಪದ ಗಿಡವಿದೆ. ಕೊಡಸದ ತೊಗಟೆ ಆಯುರ್ವೇದದ ಕುಟಜ. ಅದರಲ್ಲಿ ಹಾಲೆಯ ತೊಗಟೆ ಬೆರಕೆಯಾಗುವುದು ಔಷಧ ವ್ಯಾಪಾರದಲ್ಲಿ ಹಳೆಯ ದೂರು. ಹೂವನ್ನು ಒಣಗಿಸಿಟ್ಟು ವರ್ಷವಿಡೀ ತಂಬುಳಿಗೆ ಬಳಸುವ ಮನೆಗಳು ಮರವನ್ನು ಗುರುತಿಟ್ಟುಕೊಂಡು, ಪ್ರತಿ ವರ್ಷ ಅದೇ ಮರದಿಂದ ಕೊಯ್ಯುತ್ತವೆ. ಗುರುತು ಬಲ್ಲವರು ತೋರಿಸದ ಹೊರತು ಕಾಡಿನದನ್ನು ಕೊಯ್ಯದಿರುವುದೇ ಮೇಲು.

ಇನ್ನೊಂದು ಮಾತನ್ನು ಅಡುಗೆ ಪುಸ್ತಕಗಳಲ್ಲಿ ನಾನು ಕಂಡಿಲ್ಲ. ಒಂದೆಲಗ ಹುಲುಸಾಗಿ ಬೆಳೆಯುವುದು ಅಡಿಕೆ ತೋಟದ ತಂಪು ನೆಲದಲ್ಲಿ, ಕಾಲುವೆಯ ಅಂಚಿನಲ್ಲಿ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದ ಆರಂಭದಲ್ಲೊಮ್ಮೆ, ಸುಮಾರು 40-45 ದಿನಗಳ ಮೇಲೆ ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅಡಿಕೆ ಗೊನೆಗೆ ಹೊಡೆದದ್ದರಲ್ಲಿ ಒಂದಷ್ಟು ಕೆಳಗೆ ಹನಿಯಲೇಬೇಕು, ಒಂದೆಲಗದ ಮೇಲೂ ಬೀಳಲೇಬೇಕು. ಎಲೆಯ ಮೇಲೆ ತಿಳಿನೀಲಿ ಕಲೆ ಕಂಡರೆ ಬಿಟ್ಟುಬಿಡಿ. ಔಷಧಿ ಹೊಡೆಯುವ ಮುಂಚಿನ ದಿನವೇ ಕೊಯ್ದಿಡುವುದು, ಇಲ್ಲವೇ ಮನೆಯ ಹಿಂದಿನ ಬಚ್ಚಲ ತಂಪಿನಿಂದ ದೂರದ ಚೊಕ್ಕ ಜಾಗದಲ್ಲಿ ನಾಲ್ಕು ಬಳ್ಳಿ ಬೆಳೆಸಿಕೊಳ್ಳುವುದು ಒಳ್ಳೆಯದು. ರಸ್ತೆಯ ಅಂಚಿನದು, ಕಳೆನಾಶಕ ಬಿದ್ದ ಬದುವಿನದು, ದನ ಮೇಯುವ ಚರಂಡಿಯ ಬದಿಯದು ಎಷ್ಟು ಹಸಿರಾಗಿದ್ದರೂ ಬೇಡ. ಬೇರು ಸಮೇತ ಹಸಿಯಾಗಿ ರುಬ್ಬುವ ಸೊಪ್ಪಿಗೆ ಈ ಎಚ್ಚರ ಇಮ್ಮಡಿ ಬೇಕು. ಮೂರು ನಾಲ್ಕು ನೀರಿನಲ್ಲಿ ಮಣ್ಣು ಹೋಗುವವರೆಗೆ ತೊಳೆಯಿರಿ.

ತಪ್ಪು ಕಲ್ಪನೆ: ತಂಬುಳಿ ಸರ್ವರೋಗಕ್ಕೂ ಮದ್ದು. ಒಂದೆಲಗ ತಿಂದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ.

ವಾಸ್ತವ: ಮಾರ್ಚ್ ತಿಂಗಳು ಬಂತೆಂದರೆ ಮಕ್ಕಳಿಗೆ ಒಂದೆಲಗದ ತಂಬುಳಿ ತಪ್ಪದು. ಉಣ್ಣಲಿ, ಚೆನ್ನಾಗಿರುತ್ತದೆ. ಆದರೆ ಅದು ನೆನಪಿನ ಶಕ್ತಿ ಹೆಚ್ಚಿಸುತ್ತದೆ ಎನ್ನಲು ಮನುಷ್ಯರ ಮೇಲೆ ನಡೆದಿರುವ ಅಧ್ಯಯನಗಳು ಸಣ್ಣವು, ಫಲಿತಾಂಶಗಳು ಒಂದೇ ತೆರನಾಗಿಲ್ಲ. ಅವುಗಳಲ್ಲಿ ಕೊಟ್ಟಿರುವುದು ಅಳೆದು ತೂಗಿದ ಸಾರ. ಊಟದ ಬಟ್ಟಲಿನ ನಾಲ್ಕಾರು ಎಲೆಯ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಹೊಟ್ಟೆ ಕೆಟ್ಟಾಗ ದಾಳಿಂಬೆ ಸಿಪ್ಪೆಯ ತಂಬುಳಿ ಹಿತವೆನಿಸುವುದಕ್ಕೆ ಅದರ ಒಗರು, ಮಜ್ಜಿಗೆ, ಸಪ್ಪೆ ಅನ್ನ ಮೂರೂ ಕಾರಣ. ಭೇದಿ ನಿಲ್ಲದಿದ್ದರೆ, ಮೈಯಲ್ಲಿ ನೀರು ಕಡಿಮೆಯಾದರೆ ತಂಬುಳಿಯ ಮೇಲೆ ಭಾರ ಹಾಕಿ ಕೂರಬಾರದು. ಬಸುರಿಯರು, ದಿನವೂ ಮಾತ್ರೆ ನುಂಗುವವರು ಪರಿಚಯವಿಲ್ಲದ ಸೊಪ್ಪನ್ನು ವೈದ್ಯರನ್ನು ಕೇಳಿಯೇ ಬಳಸಬೇಕು.

ನನ್ನ ತಕರಾರು ಬೇರೆಯದು. ಔಷಧ ಎಂದು ಹೇಳಿ ಹೇಳಿ ತಂಬುಳಿಯನ್ನು ಕಷಾಯದ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಮೂಗು ಹಿಡಿದು ಕುಡಿಯುವ ವಸ್ತು ಎಂದು ಮಕ್ಕಳು ತಿಳಿದಿದ್ದಾರೆ. ಇದು ರುಚಿಗಾಗಿ ಮಾಡುವ ಅಡುಗೆ; ಚೆನ್ನಾಗಿ ಮಾಡಿದರೆ ಯಾವ ಗುಣಗಾನವೂ ಬೇಕಾಗದು.

ತಪ್ಪು ಕಲ್ಪನೆ: ತಂಬುಳಿ ಬೇಸಿಗೆಯ ಅಡುಗೆ.

ವಾಸ್ತವ: ವರ್ಷದ ಯಾವ ತಿಂಗಳಿಗೂ ಅದರದ್ದೇ ತಂಬುಳಿ ಇದೆ. ಬೇಸಿಗೆಗೆ ಮುರುಗಲು, ಒಂದೆಲಗ. ಮೊದಲ ಮಳೆ ಬಿದ್ದು ಚಗಟೆ, ಬಗೆಬಗೆಯ ಕುಡಿಗಳು ಮೇಲೆದ್ದಾಗ ಕುಡಿ ತಂಬುಳಿ. ಬಿಡದೆ ಮಳೆ ಸುರಿದು ಹಿತ್ತಿಲಿಗೆ ಹೋಗಲಾಗದ ದಿನಗಳಲ್ಲಿ ಡಬ್ಬಿಯಲ್ಲಿರುವ ಮೆಂತೆ, ಜೀರಿಗೆ, ಎಳ್ಳು, ಒಣಗಿಸಿಟ್ಟ ಕೊಡಸದ ಹೂ, ಬೆಳ್ಳುಳ್ಳಿ, ಶುಂಠಿ. ಚಳಿಗಾಲಕ್ಕೆ ನೆಲ್ಲಿಕಾಯಿ, ಅದನ್ನು ಉಪ್ಪುನೀರಿನಲ್ಲಿ ಹಾಕಿಟ್ಟರೆ ಮುಂದಿನ ಮಳೆಗಾಲಕ್ಕೂ ಒದಗುತ್ತದೆ. ನೆಗಡಿ ಕಾಲಕ್ಕೆ ದೊಡ್ಡಪತ್ರೆ. ಮೆಂತೆಯನ್ನು ಮಾತ್ರ ಅರ್ಧ ಚಮಚ ದಾಟಿಸಬೇಡಿ, ಕೆಂಪಗೆ ಹುರಿಯಲೂಬೇಡಿ. ಕಹಿಯನ್ನು ಬೆಲ್ಲವೂ ತಡೆಯಲಾರದು.

ತಪ್ಪು ಕಲ್ಪನೆ: ಇದು ಹವ್ಯಕರ ಮನೆಯ ಅಡುಗೆ, ಬೇರೆಯವರಿಗೆ ಸಂಬಂಧವಿಲ್ಲ.

ವಾಸ್ತವ: ಶಿರಸಿ ಸೀಮೆಯಲ್ಲಿ ಇದಕ್ಕೆ ಹೆಸರು ತಂದವರು ಹವ್ಯಕ ಹೆಂಗಸರು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೀರ್ಥಹಳ್ಳಿ, ಶೃಂಗೇರಿಯಿಂದ ಹಿಡಿದು ಉಡುಪಿ, ಮಂಗಳೂರು, ಕಾಸರಗೋಡಿನವರೆಗೆ ಬೇರೆ ಬೇರೆ ಮನೆಗಳಲ್ಲಿ ತಂಬುಳಿ ಇದೆ. ತಿಮರೆಯ ಚಟ್ನಿ, ತಂಬುಳಿ ಎರಡೂ ತುಳುನಾಡಿನಲ್ಲಿ ದಿನನಿತ್ಯದವು. ಸೊಪ್ಪು ಯಾರ ಜಾತಿಯನ್ನೂ ಕೇಳಿ ಚಿಗುರುವುದಿಲ್ಲ.

ತಪ್ಪು ಕಲ್ಪನೆ: ಬೆಳಿಗ್ಗೆ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಆಗುತ್ತದೆ.

ವಾಸ್ತವ: ಹಸಿ ಕಾಯಿ, ಮಜ್ಜಿಗೆ ಸೇರಿದ್ದು ಹೊರಗೆ ಸಂಜೆಯವರೆಗೂ ತಾಳದು. ಫ್ರಿಜ್ಜಿನಲ್ಲಿ ಕೆಡದಿದ್ದರೂ ಹುಳಿ ಏರಿ ಪರಿಮಳ ಹೋಗಿರುತ್ತದೆ. ಮುಂಚಿತವಾಗಿ ಮಾಡಲೇಬೇಕಿದ್ದರೆ ಹುರಿದ ಸೊಪ್ಪು, ಜೀರಿಗೆ, ಮೆಣಸನ್ನಷ್ಟೇ ರುಬ್ಬಿಟ್ಟುಕೊಳ್ಳಿ. ಕಾಯಿ, ಮಜ್ಜಿಗೆ ಊಟದ ಹೊತ್ತಿಗೆ. ಮನೆ ಉದ್ಯಮದವರು ಮಾಡಿ ಮಾರುವ ತಂಬುಳಿ ಪುಡಿಗಳೂ ಸಿಗುತ್ತವೆ. ಪರದೇಶದಲ್ಲಿರುವ ಮಗಳಿಗೆ ಕಳಿಸಲು ಅವು ಅನುಕೂಲ. ಮೆಂತೆ, ಜೀರಿಗೆ, ಒಣಶುಂಠಿಯವು ಪುಡಿಯಲ್ಲಿ ಚೆನ್ನಾಗಿ ಉಳಿಯುತ್ತವೆ. ಒಂದೆಲಗ ಒಣಗಿದರೆ ಹುಲ್ಲಿನ ರುಚಿ ಎಂಬುದು ನನ್ನ ಅಭಿಪ್ರಾಯ.

ತಪ್ಪು ಕಲ್ಪನೆ: ಶಿರಸಿಯ ಹಿತ್ತಿಲಿಲ್ಲದೆ ಇದು ಆಗದ ಕೆಲಸ.

ವಾಸ್ತವ: ಎರಡು ಕುಂಡಗಳು ಸಾಕು. ದೊಡ್ಡಪತ್ರೆಯ ಒಂದು ಗೇಣು ಕಡ್ಡಿಯನ್ನು ಮರಳು ಬೆರೆತ ಮಣ್ಣಿಗೆ ಚುಚ್ಚಿ, ಬಿಸಿಲು ಬೀಳುವಲ್ಲಿ ಇಡಿ. ನೀರು ಹೆಚ್ಚಾದರೆ ಮಾತ್ರ ಕೊಳೆಯುತ್ತದೆ. ಒಂದೆಲಗಕ್ಕೆ ಇದರ ತದ್ವಿರುದ್ಧ: ಅಗಲ ಬಾಯಿಯ ಟಬ್ಬು, ಅರೆ ನೆರಳು, ಯಾವಾಗಲೂ ಒದ್ದೆ ಮಣ್ಣು. ಗೆಣ್ಣಿಗೆ ಬೇರಿರುವ ಬಳ್ಳಿಯ ತುಂಡು ನಾಲ್ಕು ನೆಟ್ಟರೆ ತಾನೇ ಹಬ್ಬಿ ಟಬ್ಬು ತುಂಬುತ್ತದೆ. ಎಲೆಗಳನ್ನು ತೊಟ್ಟಿನ ಬುಡದಲ್ಲಿ ಚಿವುಟಿ, ಬಳ್ಳಿಯನ್ನು ಕೀಳಬೇಡಿ. ಶಿರಸಿ ಕಡೆಯ ನೆಂಟರು ಮುಂದಿನ ಸಲ ಬರುವಾಗ ಅಡಿಕೆ, ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಬಳ್ಳಿ ತರಲು ಹೇಳಿ.